ಎರಡು ಬ್ಯಾಟರಿಗಳ ಬಾಣಂತನ

ಬಿಷ್ಕೆಕ್ ನಗರದ ನಿವೃತ್ತ ಟ್ರಾಲಿಬಸ್ ಚಾಲಕ ಸದಿರ್‌ಬೆಕ್‌ನ ಅಡುಗೆಮನೆಯ ಮೇಜು ಎಂಟು ದಿನಗಳಿಂದ ಅವನ ಹೆಂಡತಿ ಜೂರಾಳ ಕೈತಪ್ಪಿಹೋಗಿತ್ತು. ಅದರ ಮೇಲೆ ಎರಡು ಹೊಸ ಬ್ಯಾಟರಿಗಳು ಪವಡಿಸಿದ್ದವು. ಅವನ ರಿಮೋಟ್ ಕಾರಿಗೆಂದು ತರಿಸಿದವು. ಎರಡೂ ಅವಳಿ ಮಕ್ಕಳಂತೆ ಒಂದೇ ರೂಪ.

"ಹೊಸ ಬ್ಯಾಟರೀನ ತಂದ ತಕ್ಷಣ ಓಡಿಸ್ಬಾರ್ದು ಕಣೇ. ಹದಿನಾರು ಗಂಟೆ ನಿಧಾನಕ್ಕೆ ಚಾರ್ಜ್ ಮಾಡ್ಬೇಕು. ಆಮೇಲೆ ಬಲ್ಬು ಹಚ್ಚಿ ಖಾಲಿ ಮಾಡ್ಬೇಕು. ಆರೋಕೆ ಬಿಡ್ಬೇಕು. ಮತ್ತೆ ತುಂಬಿಸ್ಬೇಕು. ಹೀಗೇ ಮೂರು ಸಲ. ಆಗ್ಲೇ ಅದು ಪಳಗೋದು. ಒಂಥರಾ ಬಾಣಂತನ ಅಂತಿಟ್ಕೋ."

"ಬಾಣಂತನದ ಮಾತು ನೀವಾಡ್ಬೇಡಿ," ಎಂದಳು ಜೂರಾ. "ನನ್ನ ಎರಡು ಬಾಣಂತನದಲ್ಲೂ ನೀವು ಡಿಪೋದಲ್ಲೇ ಇದ್ರಿ."

ಇಷ್ಟೆಲ್ಲ ಶುಶ್ರೂಷೆ ಭಾನುವಾರದ ಪಂದ್ಯಕ್ಕಾಗಿ. ಎದುರಾಳಿ ಬೇರೆ ಯಾರೂ ಅಲ್ಲ, ಮಗಳ ಮಾವ ಮೂಕಾಶ್. ಹೋದ ವರ್ಷ ಗೆದ್ದ ಆ ಬೀಗರು ಅಂದಿನಿಂದ ಎಲ್ಲೇ ಸಿಗಲಿ, ಮದುವೆ ಊಟವಿರಲಿ, ಆಸ್ಪತ್ರೆಯಿರಲಿ, ಆ ಗೆಲುವಿನ ಕಥೆಯನ್ನು ಮೊದಲಿನಿಂದ ಹೇಳುತ್ತಿದ್ದರು. ಇನ್ನೊಂದು ವರ್ಷ ಅದನ್ನು ಕೇಳುವ ಶಕ್ತಿ ಸದಿರ್‌ಬೆಕ್‌ಗೆ ಇರಲಿಲ್ಲ.

ಚಾರ್ಜರ್ ಒಂದೇ. ಆದ್ದರಿಂದ ಒಂದು ತುಂಬುವಾಗ ಇನ್ನೊಂದು ಖಾಲಿಯಾಗುತ್ತಿತ್ತು. ತುಂಬಿದ್ದು ರೊಟ್ಟಿಬುಟ್ಟಿಯ ಬಲಕ್ಕೆ, ಖಾಲಿ ಎಡಕ್ಕೆ. ಇಂಥ ಸೊಗಸಾದ ಆಡಳಿತ ವ್ಯವಸ್ಥೆ ಭಾನುವಾರ ಬೆಳಿಗ್ಗೆ ಕುಸಿದುಬಿತ್ತು. ಅವನು ಗಡ್ಡ ಹೆರೆದುಕೊಂಡು ಬರುವಷ್ಟರಲ್ಲಿ ಜೂರಾ ಮೇಜು ಒರೆಸಿ, ಮಾಂಸದ ಕಡುಬಿಗೆ ಹಿಟ್ಟು ಲಟ್ಟಿಸುತ್ತಿದ್ದಳು.

"ಬ್ಯಾಟರಿ ಎಲ್ಲೇ?"

"ಕಿಟಕಿ ಕಟ್ಟೆ ಮೇಲಿದೆ. ಹೇಗಿತ್ತೋ ಹಾಗೇ ಇಟ್ಟಿದೀನಿ. ಎಡಗಡೇದು ಎಡಕ್ಕೆ, ಬಲಗಡೇದು ಬಲಕ್ಕೆ."

"ಯಾರ ಎಡ?"

"ಯಾರ ಎಡ ಅಂದ್ರೆ? ನನ್ನೆಡ!"

"ನೀನು ಮೇಜಿನ ಯಾವ ಕಡೆ ನಿಂತಿದ್ದೆ?"

"ಒಂದೇ ಕಡೆ ನಿಂತು ಮೇಜು ಒರೆಸೋಕಾಗುತ್ತೇನ್ರೀ? ಸುತ್ತ ಓಡಾಡ್ತಿದ್ದೆ."

ಅವನು ಮುಟ್ಟಿ ನೋಡಿದ. ಬಿಸಿಲಿಗೆ ಎರಡೂ ಬೆಚ್ಚಗಿದ್ದವು. ತನ್ನ ಹಳೆಯ ಮೀಟರ್ ಹಚ್ಚಿದ. ಮುಳ್ಳು ಎರಡಕ್ಕೂ ಹೆಚ್ಚುಕಡಿಮೆ ಒಂದೇ ಕಡೆ ನಿಂತು ನಡುಗಿತು. (ಖಾಲಿ ಬ್ಯಾಟರಿ ಸ್ವಲ್ಪ ಹೊತ್ತು ಸುಮ್ಮನೆ ಮಲಗಿದರೆ ತುಂಬಿದ್ದರ ಹಾಗೆ ನಟಿಸುತ್ತದೆಂಬುದು ಅವನಿಗೆ ಗೊತ್ತು, ನಟಿಸುತ್ತಿರುವುದು ಯಾವುದೆಂದು ಮಾತ್ರ ಗೊತ್ತಿಲ್ಲ.) ಬಲ್ಬಿಗೆ ಹಚ್ಚಿ ನೋಡಬಹುದಿತ್ತು. ಆದರೆ ಎಂಟು ದಿನ ಜೋಪಾನ ಮಾಡಿದ ಶಕ್ತಿಯನ್ನು ಬಲ್ಬಿಗೆ ಸುರಿಯುವುದೇ? ಒಂದು ತೊಟ್ಟನ್ನೂ ಕೊಡಲು ಅವನಿಗೆ ಮನಸ್ಸಾಗಲಿಲ್ಲ.

ಕೊನೆಗೊಂದು ಉಪಾಯ ಹೊಳೆಯಿತು. ಒಂದನ್ನೆತ್ತಿ ಚಾರ್ಜರಿಗೆ ಸಿಕ್ಕಿಸಿ ಜೋರು ವೇಗಕ್ಕೆ ತಿರುಗಿಸಿದ. ನಾಲ್ಕೇ ನಿಮಿಷಕ್ಕೆ ಚಾರ್ಜರ್ 'ತುಂಬಿತು' ಎಂದು ಕೂಗಿತು.

"ಸಿಕ್ತು! ಮೊದ್ಲೇ ತುಂಬಿದ್ದಕ್ಕೇ ಇಷ್ಟು ಬೇಗ ಆಯ್ತು. ತಲೆ ಅಂದ್ರೆ ಇದು ಕಣೇ!"

"ತಲೆಗೆ ಹಿಟ್ಟು ಮೆತ್ಕೊಂಡಿದೆ, ಒರೆಸ್ಕೊಳ್ಳಿ," ಎಂದಳು ಜೂರಾ.

ಅದನ್ನು ಕಾರಿಗೆ ಹಾಕುವಷ್ಟರಲ್ಲಿ ಮೂಕಾಶ್ ಬಾಗಿಲಲ್ಲಿದ್ದರು. ಬಗಲಲ್ಲಿ ಕಾರು, ಮುಖ ಮಾತ್ರ ಸಾವಿನ ಮನೆಯದು.

"ನನ್ನ ಬ್ಯಾಟರಿ ತಂತಿ ಬುಡಕ್ಕೇ ಕಿತ್ತು ಬಂತು ಬೀಗ್ರೇ. ಇವತ್ತು ನೀವೊಬ್ರೇ ಓಡಿಸಿ. ನಾನು ಚಪ್ಪಾಳೆ ತಟ್ತೀನಿ."

ಎದುರಾಳಿಯೇ ಇಲ್ಲದ ಗೆಲುವು ಯಾವ ಗೆಲುವು? ಸದಿರ್‌ಬೆಕ್‌ನ ಕಣ್ಣು ಕಿಟಕಿ ಕಟ್ಟೆಯ ಕಡೆ ಹೊರಳಿತು. ಅಲ್ಲಿ ಉಳಿದಿದ್ದು ಖಾಲಿಯದು.

"ಛೆ, ಛೆ! ನಾನಿರೋವಾಗ ನೀವ್ಯಾಕೆ ಸುಮ್ನೆ ನಿಲ್ಬೇಕು? ಇಗೋ, ಇನ್ನೊಂದಿದೆ. ನನ್ನ ಕೈಯಾರೆ ಪಳಗಿಸಿದ್ದು."

ಗಂಡನ ಔದಾರ್ಯ ಕಂಡು ಜೂರಾ ಲಟ್ಟಣಿಗೆ ಹಿಡಿದೇ ನಿಂತುಬಿಟ್ಟಳು. ಆಮೇಲೆ ಅವನ ತಟ್ಟೆಗೆ ಕೇಳದೆಯೇ ಎರಡು ಕಡುಬು ಹೆಚ್ಚು ಹಾಕಿದಳು. ಅವನ ಎದೆಯಲ್ಲೇನೋ ಚುಳ್ಳೆಂದಿತು. ಕಡುಬು ಬಿಸಿಯಿರಬೇಕೆಂದು ನೀರು ಕುಡಿದ.

ಕಾರಂಜಿ ಚೌಕದಲ್ಲಿ ಜನ ಸೇರಿದ್ದರು. ಸೀಟಿ ಮೊಳಗಿತು. ಸದಿರ್‌ಬೆಕ್‌ನ ಕಾರು ಹದಿನೈದು ಹೆಜ್ಜೆ ಬಾಣದಂತೆ ಹಾರಿ, ನಿಟ್ಟುಸಿರಿಟ್ಟು ನಿಂತಿತು. ಮೂಕಾಶರ ಕಾರು ಸುತ್ತಿತು, ಇನ್ನೂ ಸುತ್ತಿತು, ಪಂದ್ಯ ಮುಗಿದಮೇಲೂ ಸುತ್ತುತ್ತಲೇ ಇತ್ತು.

ಕಕ್ಕಾಬಿಕ್ಕಿಯಾಗಿ ಅವನು ಜೇಬಿನಿಂದ ಬ್ಯಾಟರಿಯ ಜೊತೆ ಬಂದಿದ್ದ ಚೀಟಿಯನ್ನು ತೆಗೆದ. ಕೊನೆಯ ಸಾಲನ್ನು ಅವನು ಓದಿರಲೇ ಇಲ್ಲ: 'ಹೊಸ ಬ್ಯಾಟರಿಯನ್ನು ವೇಗವಾಗಿ ಚಾರ್ಜ್ ಮಾಡಬೇಡಿ, ಖಾಲಿಯಿದ್ದರೂ ತುಂಬಿತೆಂದು ಚಾರ್ಜರ್ ಮೋಸಹೋಗಬಹುದು.'

ಅಷ್ಟರಲ್ಲಿ ಮೂಕಾಶ್ ಓಡಿಬಂದು ಅವನನ್ನು ಅಪ್ಪಿಕೊಂಡರು. ಕಣ್ಣಲ್ಲಿ ನೀರು.

"ಒಳ್ಳೇದನ್ನ ನಂಗೆ ಕೊಟ್ಟು, ಕೆಟ್ಟದ್ದನ್ನ ನೀವಿಟ್ಕೊಂಡ್ರಲ್ಲ ಬೀಗ್ರೇ! ನಾನು ನಿಮ್ಮನ್ನ ಒಂದು ವರ್ಷ ಆಡ್ಕೊಂಡೆ. ಕ್ಷಮಿಸ್ಬಿಡಿ!"

ಜೂರಾ ಸೆರಗಿಲ್ಲದ್ದಕ್ಕೆ ತಲೆವಸ್ತ್ರದಲ್ಲೇ ಕಣ್ಣೊರೆಸಿಕೊಂಡಳು. "ಮೂವತ್ತಾರು ವರ್ಷ ಸಂಸಾರ ಮಾಡಿದ್ರೂ ನೀವು ಇಂಥೋರು ಅಂತ ಗೊತ್ತಾಗ್ಲಿಲ್ವಲ್ರೀ."

ಮಂಗಳವಾರ ಮೂಕಾಶ್ ಮತ್ತೆ ಬಂದರು. ಕೈಯಲ್ಲೊಂದು ಚೀಲ, ಒಳಗೆ ಆರು ಹೊಸ ಬ್ಯಾಟರಿ.

"ನಿಮ್ಮ ಕೈಗುಣ ಯಾರಿಗಿದೆ? ನೀವೇ ಪಳಗಿಸಿಕೊಡಿ."

"ಖಂಡಿತ ಮಾಡ್ಕೊಡ್ತಾರೆ," ಎಂದಳು ಜೂರಾ ಹೆಮ್ಮೆಯಿಂದ. "ನೀವಂದ್ರೆ ಅವ್ರಿಗೆ ಪ್ರಾಣ."

ಸದಿರ್‌ಬೆಕ್ ಬಾಯಿ ತೆರೆದ. ನಿಜ ಹೇಳಿದರೆ ಮಾನ ಹೋಗುತ್ತದೆ. ಹೇಳದಿದ್ದರೆ ಒಂದು ತಿಂಗಳು ಹೋಗುತ್ತದೆ. ಹೆಂಡತಿಯ ಮುಖ ನೋಡಿದ. ಅಷ್ಟು ಪ್ರೀತಿಯಿಂದ ಅವಳು ಅವನನ್ನು ನೋಡಿ ಎಷ್ಟು ಕಾಲವಾಗಿತ್ತೋ! ಬಾಯಿ ಮುಚ್ಚಿಕೊಂಡು ಚೀಲಕ್ಕೆ ಕೈ ಚಾಚಿದ.