ಅತ್ತೆ ಜೂಡೋ ಆರಿಸಿದ್ದು

ನಮ್ಮ ಸೋದರತ್ತೆಯ ಕೊರಳಿಗೆ ಕೈ ಹಾಕುವ ಯೋಚನೆ ನಿಮಗೇನಾದರೂ ಇದ್ದರೆ, ದಯವಿಟ್ಟು ಗುಂಡಿಗಳಿಲ್ಲದ ಅಂಗಿ ತೊಟ್ಟು ಹೋಗಿ. ಅಂಗಿಯೇ ಇಲ್ಲದೆ ಹೋದರೆ ಇನ್ನೂ ಕ್ಷೇಮ! ಯಾಕೆ ಅಂತೀರಾ? ಕೇಳಿ.

ಮಾವ ತೀರಿಕೊಂಡ ಮೇಲೆ ಅತ್ತೆ ತೆರಕಣಾಂಬಿ ಹತ್ತಿರದ ನಮ್ಮ ಹಳ್ಳಿಯ ಮನೆಯಲ್ಲೇ ಇದ್ದಾಳೆ. ವಯಸ್ಸು ಐವತ್ತಾರು. ಊರಾಚೆಯ ಹಾಲಿನ ಡೈರಿಯಲ್ಲಿ ಹಾಲು ಅಳೆಯುವ ಕೆಲಸ. ನನ್ನದು ಅಂತ ಅವಳು ಹೇಳಿಕೊಳ್ಳುವುದು ಆ ಕೆಲಸವೊಂದನ್ನೇ. ಬೆಳಕು ಹರಿಯುವ ಹೊತ್ತಿಗೆ ಅರಿಶಿನದ ಹೊಲಗಳ ನಡುವೆ ಒಬ್ಬಳೇ ನಡೆದು ಹೋಗುತ್ತಾಳೆ. ಒಂದು ದಿನ ಹಾಗೆ ಹೋಗುವಾಗ, ಬೈಕಿನಿಂದ ಇಳಿದ ಒಬ್ಬ ಅವಳ ಸರಕ್ಕೆ ಕೈ ಹಾಕಿದ. ಬೇರೆಯವರಾಗಿದ್ದರೆ ಕೂಗಿಕೊಳ್ಳುತ್ತಿದ್ದರು. ಅತ್ತೆ ಅವನ ಅಂಗಿ ಹಿಡಿದು, "ಯಾರ್ ಮಗನ್ಲಾ ನೀನು? ಯಾವೂರು?" ಎಂದು ವಿಚಾರಿಸಿದಳು. ಅವನು ಕುಲಗೋತ್ರ ಹೇಳುವ ಬದಲು ಸರ ಕಿತ್ತುಕೊಂಡು ಓಡಿದ. ಅತ್ತೆಗೆ ಉಳಿದದ್ದು ಕೈಯಲ್ಲಿ ಅವನ ಅಂಗಿಯ ಗುಂಡಿ, ಕತ್ತಿನಲ್ಲಿ ರಕ್ತದ ಗೆರೆ. ಸರವೋ, ಜಾತ್ರೆಯಲ್ಲಿ ಕೊಂಡ ನಕಲಿ ಸರ. "ಪಾಪ, ಅವ್ನೂ ಮೋಸೋದ" ಎಂದು ಅತ್ತೆ ಮರುಗಿದಳು.

ಅಪ್ಪ ಮಾತ್ರ ನಗಲಿಲ್ಲ. ತಂಗಿಯ ಕತ್ತು ನೋಡಿ, "ನಾಳಿಂದ ಕೆಲ್ಸ ಬುಟ್ಬುಡು" ಎಂದ.

"ಆನೆ ಬಂದ್ರೆ ದಾರಿ ಬುಡ್ತೀನಿ ಕಣಣ್ಣ. ಕಳ್ಳನಿಗೆ ಯಾಕ್ ಬುಡ್ಲಿ?"

"ಅಂಗಾರೆ ನಾನ್ ನಿನ್ ಕೈ ಹಿಡ್ಕತೀನಿ, ಬುಡುಸ್ಕೊಂಡು ತೋರ್ಸು. ಆಮ್ಯಾಕೆ ಓಗು."

ಅಪ್ಪ ಹರೆಯದಲ್ಲಿ ಗರಡಿ ಮಾಡಿದವನು. ಅರವತ್ತೆಂಟಾದರೂ ಅವನು ಹಗ್ಗ ಹಿಡಿದರೆ ಎತ್ತು ನಿಲ್ಲುತ್ತದೆ. ಅತ್ತೆ ಎಷ್ಟು ಎಳೆದರೂ ಕೈ ಬರಲಿಲ್ಲ. ಡೈರಿಯಲ್ಲಿ ಪಕ್ಕದ ಮನೆಯವಳನ್ನು ಮೂರು ತಿಂಗಳಿಗೆ ಬದಲಿ ಕೂರಿಸಿ, ಚಾಮರಾಜನಗರದಲ್ಲಿ ಕೆಲಸಕ್ಕಿರುವ ನನಗೆ ಫೋನ್ ಮಾಡಿ, ಬಿಡಿಸಿಕೊಳ್ಳುವುದನ್ನು ಎಲ್ಲಿ ಕಲಿಸುತ್ತಾರೆ ಎಂದು ಕೇಳಿದಳು.

"ಕರಾಟೆ ಕಲಿ ಅತ್ತೆ" ಎಂದೆ.

"ಹೊಡುದ್ರೆ ಓಡೋಯ್ತಾನೆ ಕಣಮ್ಮಿ. ಆಮೇಲೆ ಯಾರ್ ಮಗ ಅಂತ ಯಾರ್ನ ಕೇಳ್ಲಿ? ಹಿಡ್ಕಂಡು ಕೆಡುವೋದು ಬೇಕು."

ಸರಿ, ಮೂರು ತಿಂಗಳಿಗೆಂದು ಅತ್ತೆ ನನ್ನ ರೂಮಿಗೇ ಬಂದಿಳಿದಳು. ಮೊದಲು ಗರಡಿಮನೆಗೆ ಹೋದೆವು. ಹೆಂಗಸರು ಕುಸ್ತಿಯ ಮಟ್ಟಿಯ ಮಣ್ಣು ತುಳಿಯುವಂತಿಲ್ಲ ಎಂದು ಉಸ್ತಾದರು ಬಾಗಿಲಲ್ಲೇ ಕೈಮುಗಿದರು. ಅತ್ತೆ ಬಾಗಿಲಿನಿಂದಲೇ ಇಣುಕಿದಳು. ಒಳಗೆ ಲಂಗೋಟಿ ಕಟ್ಟಿದ ಇಬ್ಬರು ಪೈಲ್ವಾನರು ಸೆಣಸುತ್ತಿದ್ದರು. "ನಂಗೂ ಇದು ಬ್ಯಾಡ ಬುಡಿ" ಎಂದಳು. "ಹಿಡ್ಕೊಳಕ್ಕೆ ಮೈಮೇಲೆ ಬಟ್ಟೇನೇ ಇಲ್ಲ. ನಮ್ ಕಡೆ ಕಳ್ರು ಬಟ್ಟೆ ಆಕ್ಕೊಂಡೇ ಬತ್ತಾರೆ." ಉಸ್ತಾದರು ಒಂದು ಕ್ಷಣ ತಮ್ಮ ವಿದ್ಯೆಯ ಬಗ್ಗೆಯೇ ಚಿಂತೆಗೆ ಬಿದ್ದರು.

ಆಮೇಲೆ ಫೋನಿನಲ್ಲಿ ಜುಜುತ್ಸು ತೋರಿಸಿದೆ. ಇಬ್ಬರು ನೆಲದ ಮೇಲೆ ಹೊರಳಾಡುತ್ತಿದ್ದರು. ಅತ್ತೆ ಪೂರ್ತಿ ನೋಡಿ ಕೇಳಿದಳು: "ಡೈರಿಗೆ ಓಗೋ ದಾರೀಲಿ ಮಲಿಕ್ಕಂಡು ಕಾದಾಡ್ಲಾ? ನೋಡ್ದೋರು ಏನಂದಾರು?" ಉಳಿದದ್ದು ಜೂಡೋ. ಅದರಲ್ಲಿ ಅಂಗಿ ಹಿಡಿಯುತ್ತಾರೆ, ನಿಂತೇ ಕೆಡವುತ್ತಾರೆ, ಮರ್ಯಾದೆಯಾಗಿ ನಮಸ್ಕಾರವನ್ನೂ ಮಾಡುತ್ತಾರೆ!

ಆದರೂ ದೇವಿಯನ್ನು ಒಂದು ಮಾತು ಕೇಳದಿದ್ದರೆ ಹೇಗೆ? ಗುಡಿಗೆ ಹೋಗಿ ಪ್ರಸಾದ ಕೇಳಲು ಕುಳಿತಳು. ಬಲಗಡೆ ಹೂ ಬಿದ್ದರೆ ಅಪ್ಪಣೆ, ಎಡಗಡೆ ಬಿದ್ದರೆ ಇಲ್ಲ. ಪೂಜಾರಿ, "ಯಾವ ಕಾರ್ಯಕ್ಕಮ್ಮ, ಮದ್ವೆಗಾ?" ಎಂದರು. "ಇಲ್ಲ ಸ್ವಾಮಿ, ಜೂಡೋಗೆ." ಮುಕ್ಕಾಲು ಗಂಟೆಯ ಮೇಲೆ ಬಲಗಡೆ ಹೂ ಬಿತ್ತು. ಎಡಕ್ಕೆ ಬಿದ್ದಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿದೆ. "ಬಲಕ್ಕೆ ಬೀಳೋಗಂಟ ಕೂತಿರ್ತಿದ್ದೆ."

ಜೂಡೋ ತರಗತಿಯಲ್ಲಿ ಅತ್ತೆಯ ಸಹಪಾಠಿಗಳೆಲ್ಲ ಮೂರನೇ ಕ್ಲಾಸು, ನಾಲ್ಕನೇ ಕ್ಲಾಸಿನವರು. ಕಲಿಸುವವಳು ನನಗಿಂತ ಚಿಕ್ಕ ಹುಡುಗಿ. "ಆಂಟಿ, ಮೊದ್ಲು ಬೀಳೋದು ಕಲೀಬೇಕು" ಎಂದಳು. "ಬಚ್ಚಲಲ್ಲಿ ಎರಡ್ ಸಲ ಬಿದ್ದಿವ್ನಿ ಕಣವ್ವ, ಅದು ನಡೆಯಕ್ಕಿಲ್ವಾ?" ಎಂದು ಅತ್ತೆ ಅನುಭವ ಪ್ರಮಾಣಪತ್ರ ಮುಂದಿಟ್ಟಳು. ನಡೆಯಲಿಲ್ಲ. ಒಂದು ತಿಂಗಳು ಬರೀ ಬೀಳುವುದು, ಗಲ್ಲ ಎದೆಗೆ ಒತ್ತಿ, ಅಂಗೈಯಿಂದ ನೆಲಕ್ಕೆ ಬಡಿಯುವುದು. ಆಮೇಲೆ ಕೆಡವುವ ಪಾಠ. ಮನೆಪಾಠಕ್ಕೆ ನಾನಿದ್ದೆನಲ್ಲ! ಉಪ್ಪಿಟ್ಟು ತಿನ್ನುವಾಗ, ಜಡೆ ಹೆಣೆಯುವಾಗ, ಯಾವಾಗೆಂದರೆ ಆಗ ನನ್ನನ್ನು ಹಾಸಿಗೆಯ ಮೇಲೆ ಕೆಡವಿದ್ದಾಳೆ.

ಬೀಳುವ ವಿದ್ಯೆ ಮೊದಲು ಕೆಲಸಕ್ಕೆ ಬಂದದ್ದು ಬಸ್ಸಿನಲ್ಲಿ. ಕಲಿಕೆ ಮುಗಿಸಿ ನಾವಿಬ್ಬರೂ ಊರಿಗೆ ಹೋಗುವಾಗ ಡ್ರೈವರ್ ಬ್ರೇಕ್ ಹಾಕಿದ, ನಿಂತವರೆಲ್ಲ ಒಬ್ಬರ ಮೇಲೊಬ್ಬರು ಉರುಳಿದರು. ಅತ್ತೆ ಬಿದ್ದ ರಭಸಕ್ಕೆ ಅಂಗೈಯಿಂದ ಬಸ್ಸಿನ ನೆಲಕ್ಕೆ ಪಟ್ಟೆಂದು ಬಡಿದಳು. ಕಂಡಕ್ಟರ್ ಗಾಬರಿಯಾಗಿ, "ಏನಾಯ್ತಮ್ಮ?" ಎಂದ. "ಏನಿಲ್ಲ ಕಣಪ್ಪ, ಸರ್ಯಾಗ್ ಬಿದ್ದೆ" ಎಂದು ಸೀರೆ ಕೊಡವಿಕೊಂಡಳು.

ಮೂರು ತಿಂಗಳು ಮುಗಿದ ಬೆಳಿಗ್ಗೆ ಅತ್ತೆ ಹೊಸ ಸೀರೆ ಉಟ್ಟು ಅಂಗಳದಲ್ಲಿ ನಿಂತಳು. ಅಪ್ಪ ಎರಡೂ ಕೈಯಲ್ಲಿ ಅವಳ ಬಲ ಮಣಿಕಟ್ಟು ಹಿಡಿದ. "ಬುಡುಸ್ಕೊ ನೋಡನ." ಅತ್ತೆ ಈ ಸಲ ಎಳೆಯಲಿಲ್ಲ. ಎಡಗೈಯಲ್ಲಿ ಅಣ್ಣನ ಕಾಲರ್ ಹಿಡಿದು ಹತ್ತಿರ ಸರಿದು ಅವನ ಕಾಲಿಗೆ ಕಾಲು ಕೊಟ್ಟಳು. ಅಪ್ಪನ ಮೂಳೆ ಮುರಿಯಿತೆಂದು ನಾನು ಕಣ್ಣು ಮುಚ್ಚಿದೆ. ಸದ್ದೇ ಬರಲಿಲ್ಲ. ಕಣ್ಣು ಬಿಟ್ಟರೆ ಅಪ್ಪ ನೆಲದ ಮೇಲೆ ಅಂಗಾತ ಮಲಗಿದ್ದ. ಅತ್ತೆಯ ಎಡಗೈ ಅವನ ತಲೆಯ ಕೆಳಗಿತ್ತು.

"ಏಟಾಯ್ತಾ ಅಣ್ಣ?"

"ಇಲ್ಲ."

"ಗೆದ್ದೆ ಅಲ್ವಾ? ಕೈ ಬುಡು ಮತ್ತೆ."

ಅಪ್ಪ ಬಿಡಲಿಲ್ಲ. ಹಟವೇನೋ ಅಂದುಕೊಂಡೆ. ನೋಡಿದರೆ ಅವನ ಕಣ್ಣಿನ ನೀರು ಕಿವಿಯವರೆಗೆ ಇಳಿದಿತ್ತು. ಅಪ್ಪ ಅತ್ತದ್ದನ್ನು ನಾನು ಅದೇ ಮೊದಲು ಕಂಡದ್ದು.

"ನಿನ್ ಕತ್ತಲ್ಲಿ ರಕ್ತ ಕಂಡಾಗ್ನಿಂದ ನಂಗೆ ಊಟ ಸೇರ್ತಿಲ್ಲ ಕಣವ್ವ" ಎಂದ. "ಓಗ್ಬ್ಯಾಡ ಅನ್ನಲ್ಲ, ಓಗು. ನಿಂಗೇನಾರ ಆದ್ರೆ ನಾನ್ ಯಾರ್ನ ತಂಗಿ ಅನ್ಲಿ?"

ಹಿಡಿದ ಮಣಿಕಟ್ಟು ಬಿಡಿಸಿಕೊಳ್ಳಲು ಅತ್ತೆಗೆ ಈಗ ನಾಲ್ಕು ಬಗೆ ಗೊತ್ತು. ನಾಲ್ಕನ್ನೂ ನನ್ನ ಮೇಲೆ ಮಾಡಿ ತೋರಿಸಿದ್ದಾಳೆ. ಆ ಬೆಳಿಗ್ಗೆ ಒಂದನ್ನೂ ಮಾಡಲಿಲ್ಲ. ಹೊಸ ಸೀರೆ ಎಂಬುದನ್ನೂ ನೋಡದೆ ಅಣ್ಣನ ಪಕ್ಕದಲ್ಲಿ ಮಣ್ಣಿನ ಮೇಲೆ ಕುಳಿತಳು.

"ಓಗ್ಲಿ, ಇನ್ನೊಂಚೂರು ಹಿಡ್ಕೊ" ಎಂದಳು. "ಡೈರಿ ಬಾಗ್ಲು ತೆಗ್ಯಕ್ಕೆ ಇನ್ನೂ ಹೊತ್ತದೆ."