ಹದಿನೆಂಟೂ ವಾಕಿಟಾಕಿಗಳಲ್ಲಿ ಮಾಳಪ್ಪನೇ ಮಾತಾಡುತ್ತಿರುವ ಕುರಿತು

ನೀರು ಬಿಡುವ ಹಾಗೂ ನಿಲ್ಲಿಸುವ ಇಲಾಖೆ
ನಿಸ್ತಂತು ಶಾಖೆ, ಹುನಗುಂದ, ಜಿಲ್ಲಾ ಬಾಗಲಕೋಟೆ

ಸಂಖ್ಯೆ: ನೀಬಿನಿ/ವಾಕಿಟಾಕಿ/ಕೇಬಲ್/೦೭/೨೦೨೪-೨೫
ದಿನಾಂಕ: ೨೩ನೇ ತಾರೀಖು, ಊಟಕ್ಕೆ ಮೊದಲು

ಸುತ್ತೋಲೆ

ವಿಷಯ: ವಾಕಿಟಾಕಿಗಳಿಗೆ ಹೆಸರು ಮತ್ತು ಚಾನೆಲ್ ತುಂಬಲು ಬೇಕಾಗುವ ಕಂಪ್ಯೂಟರ್, ಕೇಬಲ್ ಹಾಗೂ ತಾಳ್ಮೆ, ಮತ್ತು ದಿನಗೂಲಿ ವಾಲ್ವ್‌ಮನ್ ಶ್ರೀ ಮಾಳಪ್ಪ ಇವರ ನೌಕರಿ.

ಉಲ್ಲೇಖ:
(೧) ಶ್ರೀ ಮಾಳಪ್ಪ ಇವರಿಗೆ ನೀಡಲಾದ ಹನ್ನೊಂದು ಕಾರಣ ಕೇಳುವ ನೋಟೀಸುಗಳು.
(೨) ಸದರಿಯವರು ಹನ್ನೊಂದಕ್ಕೂ ಸೇರಿಸಿ ನೀಡಿದ ಒಂದೇ ಉತ್ತರ.
(೩) ಸದರಿಯವರ ಧರ್ಮಪತ್ನಿ ಶ್ರೀಮತಿ ಸಾವಂತ್ರವ್ವ ಇವರು ಕಚೇರಿಯ ಮೆಟ್ಟಿಲ ಮೇಲೆ ಕುಳಿತು ನೀಡಿದ ಮೌಖಿಕ ಹೇಳಿಕೆ.

*

ಈ ಇಲಾಖೆಯ ಪೈಪುಗಳಲ್ಲಿ ಯಾವ ಹೊಲಕ್ಕೆ ಯಾವಾಗ ನೀರು ಹೋಗಬೇಕೆಂಬುದನ್ನು ವಾಕಿಟಾಕಿಯಲ್ಲಿ ಹೇಳಿ, ಕೇಳಿ, ವಾಲ್ವ್ ತಿರುಗಿಸುವ ಪದ್ಧತಿ ಇರುತ್ತದೆ. ಇದಕ್ಕಾಗಿ ಹದಿನೆಂಟು ವಾಕಿಟಾಕಿಗಳಿದ್ದು, ಒಂದನೆಯದು ಕೆಳಸಹಿದಾರರ ಬಳಿ, ಎರಡನೆಯದು ಕಚೇರಿಯ ನಿಸ್ತಂತು ಆಪರೇಟರ್ ಬಳಿ, ಉಳಿದವು ಪಂಪ್‌ಹೌಸ್ ಮತ್ತು ವಾಲ್ವ್‌ಗಳ ಬಳಿ ಇರುತ್ತವೆ. ಯಾರು ಗುಂಡಿ ಒತ್ತಿ ಮಾತಾಡಿದರೂ ಅವರ ಹೆಸರು, ಆಡಿದ ಮಾತಿನ ಸಮೇತ, ಕಚೇರಿಯ ಕಂಪ್ಯೂಟರಿನಲ್ಲಿ ದಾಖಲಾಗುತ್ತದೆ. ಈ ವ್ಯವಸ್ಥೆಯಿಂದ ಶಿಸ್ತು ಹೆಚ್ಚುವುದೆಂದು ನಿರೀಕ್ಷಿಸಲಾಗಿತ್ತು. ಹೆಚ್ಚಿದ್ದು ನೋಟೀಸುಗಳು ಮಾತ್ರ ಎಂದು ವಿಷಾದದಿಂದ ನಮೂದಿಸಲಾಗಿದೆ.

ಆದ್ದರಿಂದ ಸಂಬಂಧಪಟ್ಟ ಎಲ್ಲರ ಗಮನಕ್ಕೆ ಈ ಕೆಳಗಿನ ಸಂಗತಿಗಳನ್ನು ತರಲಾಗಿದೆ.

೧. ಕಂಪ್ಯೂಟರ್: ಹೆಸರು ತುಂಬುವ ತಂತ್ರಾಂಶವು ಹಳೆಯ ಕಂಪ್ಯೂಟರಿನಲ್ಲಿ ಮಾತ್ರ ಓಡುತ್ತದೆ. ಹೊಸದರಲ್ಲಿ ಮಾವನ ಮನೆಗೆ ಬಂದ ಅಳಿಯನಂತೆ ಸುಮ್ಮನೆ ಕೂರುತ್ತದೆ. ಕಂಪ್ಯೂಟರಿನ ಹಿಂಬದಿಯಲ್ಲಿ ಒಂಬತ್ತು ಪಿನ್ನುಗಳ ಹಳೆಯ ಕಾಲದ ಪೋರ್ಟ್ ಇರತಕ್ಕದ್ದು. ದಾಖಲೆ ಇಡುವ ಕಚೇರಿಯ ಕಂಪ್ಯೂಟರಿನಲ್ಲಿ ಅಂಥದ್ದು ಇಲ್ಲ. ಇಲಾಖೆಯ ಹೊಸ ಲ್ಯಾಪ್‌ಟಾಪಿನಲ್ಲಿಯೂ ಇಲ್ಲದಿರುವುದರಿಂದ, ಅದನ್ನು ಅದರ ಉದ್ಘಾಟನೆಯ ಫೋಟೋ ನೋಡಲು ಬಳಸಲಾಗುತ್ತಿದೆ.

೨. ಜಿಲ್ಲೆಯಲ್ಲಿ ಹುಡುಕಲಾಗಿ, ಇಂಥ ಕಂಪ್ಯೂಟರ್ ಇಳಕಲ್ಲಿನ ಸೀರೆ ಡಿಸೈನ್ ಅಂಗಡಿಯೊಂದರಲ್ಲಿ ಪತ್ತೆಯಾಯಿತು. ಅಂಗಡಿಯವರಾದ ಶ್ರೀಮತಿ ಮೆಹರುನ್ನಿಸಾ ಅದರಲ್ಲಿ ಸೀರೆಯ ದಡಿ, ಸೆರಗು ಬಿಡಿಸುತ್ತಾರೆ. ಮಧ್ಯಾಹ್ನ ಎರಡರಿಂದ ಮೂರರವರೆಗೆ ಕಂಪ್ಯೂಟರನ್ನು ಇಲಾಖೆಗೆ ಬಿಟ್ಟುಕೊಡಲು ಅವರು ಒಪ್ಪಿದ್ದಾರೆ. ಅವರು ತೆರೆದಿಟ್ಟ ಸೆರಗಿನ ಫೈಲನ್ನು ಯಾವ ಸರ್ಕಾರಿ ನೌಕರನೂ ಮುಚ್ಚಬಾರದೆಂದು, ಅದಕ್ಕೆ ಬಣ್ಣದ ಸಲಹೆ ಕೊಡಬಾರದೆಂದು ಈ ಮೂಲಕ ಎಚ್ಚರಿಸಲಾಗಿದೆ.

೩. ಕೇಬಲ್: ಒಂದು ತುದಿ ಕಂಪ್ಯೂಟರಿಗೆ, ಇನ್ನೊಂದು ತುದಿ ವಾಕಿಟಾಕಿಗೆ ಸೇರುವ ಕೇಬಲ್ ಇಲಾಖೆಯಲ್ಲಿ ಒಂದೇ ಒಂದು ಇರುತ್ತದೆ. ಅದಕ್ಕೆ ಟವೆಲ್ ಒಣಹಾಕುವುದು, ಅದರಿಂದ ರೊಟ್ಟಿಯ ಬುತ್ತಿ ಕಟ್ಟುವುದು ಇತ್ಯಾದಿಗಳನ್ನು ತಕ್ಷಣದಿಂದ ನಿಲ್ಲಿಸತಕ್ಕದ್ದು. ಬಾಗಲಕೋಟೆಯ ಪೇಟೆಯಿಂದ ತಂದ ಎರಡನೇ ಕೇಬಲ್ ಥೇಟ್ ಹಾಗೆಯೇ ಕಂಡರೂ ಮೊಬೈಲ್ ಚಾರ್ಜ್ ಮಾಡುವುದನ್ನು ಬಿಟ್ಟು ಬೇರೇನನ್ನೂ ಮಾಡದ ಕಾರಣ, ಅದನ್ನು ಚಾರ್ಜರ್ ಎಂದು ಮರುವರ್ಗೀಕರಿಸಲಾಗಿದೆ.

೪. ವಿಧಾನ: ಮೊದಲು ವಾಕಿಟಾಕಿಯಲ್ಲಿ ಇರುವುದನ್ನು ಕಂಪ್ಯೂಟರಿಗೆ ಓದಿಸಿಕೊಳ್ಳಬೇಕು. ಅದನ್ನು ತಿದ್ದಬೇಕು. ಆಮೇಲೆ ಅದೇ ವಾಕಿಟಾಕಿಗೆ ವಾಪಸು ಬರೆಯಬೇಕು. ಹೀಗೆ ಹದಿನೆಂಟು ಸಲ. ಕಳೆದ ತಿಂಗಳು ಕಂಪ್ಯೂಟರ್ ಆಪರೇಟರ್ ಶ್ರೀ ದೀಪಕ ಇವರು ಹದಿನೆಂಟೂ ಸೆಟ್ಟುಗಳನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಇಳಕಲ್ಲಿಗೆ ಹೋದಾಗ, ಮೂರು ಗಂಟೆಯ ಬಸ್ಸು ಹಿಡಿಯುವ ಆತುರದಲ್ಲಿ ಚೀಲದ ಮೇಲ್ಗಡೆ ಸಿಕ್ಕ ಏಳನೇ ನಂಬರಿನ ಸೆಟ್ಟನ್ನು ಓದಿಸಿ, ಅದನ್ನೇ ಹದಿನೆಂಟಕ್ಕೂ ಬರೆದಿದ್ದಾರೆ. "ಒಂದೊಂದ ಓದಸ್ರಿ ಅಣ್ಣಾರ, ಒಂದ ಸೆರಗ ಎಲ್ಲಾ ಸೀರಿಗೂ ಕೂಡೂದಿಲ್ಲ" ಎಂದು ಶ್ರೀಮತಿ ಮೆಹರುನ್ನಿಸಾ ಹೇಳಿದ್ದನ್ನು, "ಎಲ್ಲಾ ಒಂದ ಕಂಪನಿಯವು ಅದಾವ ತಗೀರಿ ಅಕ್ಕಾರ" ಎಂದು ತಳ್ಳಿಹಾಕಲಾಗಿದೆ. ಏಳನೇ ನಂಬರ್ ಮಾಳಪ್ಪನವರದು. ಅಂದಿನಿಂದ ಯಾರು ಮಾತಾಡಿದರೂ ಕಂಪ್ಯೂಟರಿನಲ್ಲಿ ಮಾಳಪ್ಪ ಎಂದೇ ಬರುತ್ತಿದೆ. ಇದು ಯಾರಿಗೂ ಗೊತ್ತಾಗಲಿಲ್ಲ.

೫. ಪರಿಣಾಮ: ದಾಖಲೆಯ ಪ್ರಕಾರ ಶ್ರೀ ಮಾಳಪ್ಪ ಅವರು ದಿನಕ್ಕೆ ಸರಾಸರಿ ನಾಲ್ಕುನೂರಾ ಹನ್ನೆರಡು ಬಾರಿ ಮಾತಾಡಿದ್ದಾರೆ. ಮೂರನೇ ವಾಲ್ವನ್ನು ತೆರೆದೆನೆಂದೂ, ಅದೇ ನಿಮಿಷದಲ್ಲಿ ಮುಚ್ಚಿದೆನೆಂದೂ ಹೇಳಿದ್ದಾರೆ. "ಬಜಿ ಬಿಸಿ ಅದಾವ, ಎರಡ ಪ್ಲೇಟ್ ತಗದ ಇಡ್ರಿ" ಎಂದು ಕೇಳಿ, "ಆತ ಬರ್ರಿ" ಎಂದು ತಮಗೆ ತಾವೇ ಉತ್ತರಿಸಿದ್ದಾರೆ. ೧೪ನೇ ತಾರೀಖು ಮಧ್ಯಾಹ್ನದ ಹೊತ್ತಿಗೆ, "ಸಾಹೇಬ್ರು ಉಂಡ ಮಲಗ್ಯಾರ, ಇನ್ನ ಸಾವಕಾಶ ಚಾ ಕುಡದ ವಾಲ್ವ್ ತಿರುವ್ರಿ" ಎಂಬ ಮಾತು ಅವರ ಹೆಸರಿನಲ್ಲಿ ದಾಖಲಾಗಿದೆ. ಆ ಮಾತಿಗೆ ಕೆಳಸಹಿದಾರರು ಎಚ್ಚರಗೊಂಡು, ಶ್ರೀ ಮಾಳಪ್ಪ ಅವರನ್ನು ಕೆಲಸದಿಂದ ತೆಗೆದುಹಾಕಿರುವುದಾಗಿ ವಾಕಿಟಾಕಿಯಲ್ಲಿಯೇ ಆದೇಶಿಸಿದರು. ಪ್ರಿಂಟರಿನಲ್ಲಿ ಶಾಯಿ ಇಲ್ಲದ್ದರಿಂದ ಲಿಖಿತ ಆದೇಶ ಹೊರಬಂದಿಲ್ಲ.

೬. ಸದರಿಯವರು ಹನ್ನೆರಡು ವರ್ಷಗಳಿಂದ ದಿನಗೂಲಿಯ ಮೇಲೆ ಇದ್ದು, ೩೦ನೇ ತಾರೀಖಿಗೆ ಖಾಯಂ ಪಟ್ಟಿ ತಯಾರಾಗಲಿದೆ. ಅಂದು ಕೆಲಸದಲ್ಲಿ ಇಲ್ಲದವರ ಹೆಸರು ಪಟ್ಟಿಯಲ್ಲಿ ಬರುವುದಿಲ್ಲ. ಮುಂದಿನ ಪಟ್ಟಿ ಯಾವಾಗ ಎಂಬುದು ಇಲಾಖೆಗೂ ತಿಳಿದಿರುವುದಿಲ್ಲ.

೭. ಹನ್ನೊಂದು ನೋಟೀಸುಗಳಿಗೆ ಸದರಿಯವರು ನೀಡಿದ ಉತ್ತರವನ್ನು ಇದ್ದದ್ದು ಇದ್ದಂತೆ ದಾಖಲಿಸಲಾಗಿದೆ: "ನೀರ ಬಿಡ್ರಿ ಅಂದ್ರ ಬಿಡ್ತೇನಿ. ನಿಲ್ಲಸ್ರಿ ಅಂದ್ರ ನಿಲ್ಲಸ್ತೇನಿ. ಮಾತಾಡೂದ ನನಗ ಬ್ಯಾಸರರಿ." ಈ ಉತ್ತರವು ತೀರಾ ಚಿಕ್ಕದಾಗಿದೆ ಎಂಬ ಕಾರಣಕ್ಕೆ ಅಂದು ತಿರಸ್ಕರಿಸಲಾಗಿತ್ತು. ಮನೆಗೆ ಕಳುಹಿಸಿದ ಮೇಲೂ ಸದರಿಯವರು ದಿನಕ್ಕೆ ನಾಲ್ಕುನೂರು ಬಾರಿ ಮಾತಾಡುತ್ತಿದ್ದುದನ್ನು ಕಂಡು, ಅದನ್ನು ಅವಿಧೇಯತೆಯೆಂದು ಪರಿಗಣಿಸಿ ಹನ್ನೆರಡನೇ ನೋಟೀಸನ್ನು ಸಿದ್ಧಪಡಿಸಲಾಗಿತ್ತು.

೮. ೨೦ನೇ ತಾರೀಖು ಶ್ರೀಮತಿ ಸಾವಂತ್ರವ್ವ ಕಚೇರಿಗೆ ಬಂದು ಈ ಕೆಳಗಿನಂತೆ ಹೇಳಿದರು: "ಸಾಹೇಬ್ರ, ನಮ್ಮ ಮನಿಯಾಂವ ಲಗ್ನ ಆದಾಗಿಂದ ದಿನಕ್ಕ ನಾಕ ಮಾತಿನ ಮ್ಯಾಲ ಆಡಿಲ್ರಿ. ಹಸದೇನಿ, ನಿದ್ದಿ ಬಂತು, ಹೋಗ್ತೇನಿ, ಬಂದೆ, ಇಷ್ಟ. ನಿಮ್ಮ ಮಶಿನ್ಯಾಗ ನಾಕನೂರ ಮಾತ ಆಡ್ಯಾನಂತ. ಅಂವ ನಮ್ಮಾಂವ ಅಲ್ಲ ಬಿಡ್ರಿ. ಆ ಮಾತಾಡೂ ಮಾಳಪ್ಪ ಯಾವನದಾನ, ಅಂವನ್ನರೆ ನಾಕ ದಿನ ನಮ್ಮ ಮನಿಗೆ ಕಳಸ್ರಿ." ಕಚೇರಿಯಲ್ಲಿ ಎಲ್ಲರೂ ನಕ್ಕರು. ಅವರು ನಗಲಿಲ್ಲ. ಗಂಡ ಒಂದು ವಾರದಿಂದ ಬೆಳಿಗ್ಗೆ ಎದ್ದು ಖಾಕಿ ಅಂಗಿ ಹಾಕಿಕೊಂಡು ಕಟ್ಟೆಯ ಮೇಲೆ ಕೂರುತ್ತಾನೆಂದೂ, ಊಟಕ್ಕೆ ಕರೆದರೆ ಅಂಗಿ ಕಳಚಿಟ್ಟು ಬರುತ್ತಾನೆಂದೂ ಹೇಳಿ ಸೆರಗಿನಿಂದ ಕಣ್ಣು ಒರೆಸಿಕೊಂಡರು.

೯. ಆಗ ನಿಸ್ತಂತು ಆಪರೇಟರ್ ಕುಮಾರಿ ಕಸ್ತೂರಿ ಇವರು ಕೆಳಸಹಿದಾರರಿಗೆ ಅವರದೇ ವಾಕಿಟಾಕಿಯ ಗುಂಡಿ ಒತ್ತುವಂತೆ ಕೋರಿದರು. ಒತ್ತಲಾಯಿತು. ಕಂಪ್ಯೂಟರ್ ನೋಡಿ ಸದರಿ ಕುಮಾರಿಯವರು, "ಸಾಹೇಬ್ರ, ನೀವೂ ಮಾಳಪ್ಪನ ಅದೀರಿ" ಎಂದು ವರದಿ ಮಾಡಿದರು. ಎರಡನೇ ಬಾರಿ ಒತ್ತಿದಾಗಲೂ ಫಲಿತಾಂಶ ಬದಲಾಗಲಿಲ್ಲ.

೧೦. ಎಲ್ಲವನ್ನೂ ಕೂಡಲೇ ಸರಿಪಡಿಸಬಹುದಾಗಿತ್ತು. ಆದರೆ ಕೇಬಲ್ ಆ ಹೊತ್ತಿಗೆ ಬಾದಾಮಿಯ ಶಾಖೆಗೆ ಎರವಲು ಹೋಗಿದ್ದು, ಅಲ್ಲಿ ಕಿಟಕಿಯ ಬಳಿ ಇಟ್ಟಿದ್ದನ್ನು ಮಂಗವೊಂದು ಒಯ್ದಿತು. ಶೇಂಗಾ ಕೊಟ್ಟು ವಾಪಸು ಪಡೆಯಲಾಗಿದೆಯಾದರೂ ಒಂಬತ್ತು ಪಿನ್ನುಗಳ ತುದಿಯನ್ನು ಮಂಗವು ಪೂರ್ತಿಯಾಗಿ ಪರಿಶೀಲಿಸಿದೆ. ಹೊಸ ಕೇಬಲ್ ಬರಲು ಇನ್ನೂ ಹದಿನೈದು ದಿನ ಬೇಕು.

೧೧. ಆದಕಾರಣ, ಕೇಬಲ್ ಬರುವವರೆಗೆ ಈ ಇಲಾಖೆಯ ಹದಿನೆಂಟೂ ಜನರನ್ನು, ಕೆಳಸಹಿದಾರರೂ ಸೇರಿದಂತೆ, ವಾಕಿಟಾಕಿಯ ಮಟ್ಟಿಗೆ ಮಾಳಪ್ಪ ಎಂದೇ ಭಾವಿಸತಕ್ಕದ್ದು. ಗುರುತಿಗಾಗಿ ಪ್ರತಿಯೊಬ್ಬರೂ ಮಾತಿಗೆ ಮೊದಲು ನಿಗದಿತ ಸಪ್ಪಳ ಮಾಡತಕ್ಕದ್ದು:

(ಅ) ಪಂಪ್‌ಹೌಸಿನವರು ಎರಡು ಸಲ ಕೆಮ್ಮುವುದು. ನಿಜವಾದ ಕೆಮ್ಮು ಬಂದಲ್ಲಿ ಮೂರನೆಯದನ್ನೂ ಸೇರಿಸಿ ರದ್ದುಪಡಿಸುವುದು.
(ಆ) ಕುಮಾರಿ ಕಸ್ತೂರಿ ಇವರು ಬಳೆ ಅಲ್ಲಾಡಿಸುವುದು.
(ಇ) ಹನ್ನೆರಡನೇ ವಾಲ್ವಿನವರು ಕುರಿಗಳನ್ನೂ ಸಾಕಿರುವುದರಿಂದ, ಕುರಿ ಒದರಿದ್ದು ಕೇಳಿಸಿದಲ್ಲಿ ಅವರೆಂದೇ ತಿಳಿಯುವುದು. ಕುರಿ ಒಪ್ಪದಿದ್ದಲ್ಲಿ ತಾವೇ ಒದರುವುದು.
(ಈ) ಕೆಳಸಹಿದಾರರು ಯಾವ ಸಪ್ಪಳವನ್ನೂ ಮಾಡುವುದಿಲ್ಲ. ಬೈಗುಳದಿಂದ ಗುರುತಿಸಿಕೊಳ್ಳುವುದು.
(ಉ) ಯಾವ ಸಪ್ಪಳವೂ ಇಲ್ಲದೆ, ಯಾವ ಮಾತೂ ಇಲ್ಲದೆ, ಬರೀ ನೀರು ಹರಿಯುವ ಸದ್ದು ಕೇಳಿಸಿದರೆ ಅದು ಅಸಲಿ ಮಾಳಪ್ಪ.

೧೨. "ಸಾಹೇಬ್ರು ಮಲಗ್ಯಾರ" ಎಂದವರು ಯಾರೆಂದು ಉಳಿದ ಹದಿನಾರು ಜನರನ್ನು ವಿಚಾರಿಸಲಾಯಿತು. ಹದಿನಾರೂ ಜನ "ಮಾಳಪ್ಪ" ಎಂದರು. ಹೇಳಿದ ಸಂಗತಿ ಸತ್ಯವಾಗಿರುವುದರಿಂದ ವಿಚಾರಣೆಯನ್ನು ಮುಕ್ತಾಯಗೊಳಿಸಲಾಗಿದೆ.

೧೩. ಇನ್ನು ೧೪ನೇ ತಾರೀಖಿನ ಆದೇಶದ ಬಗ್ಗೆ. ಸದರಿ ಆದೇಶವನ್ನು ನೀಡಿದವರ ಹೆಸರು ದಾಖಲೆಯಲ್ಲಿ ಮಾಳಪ್ಪ ಎಂದಿರುತ್ತದೆ. ದಿನಗೂಲಿ ನೌಕರನಿಗೆ ಯಾರನ್ನೂ ಕೆಲಸದಿಂದ ತೆಗೆಯುವ ಅಧಿಕಾರವಿಲ್ಲ. ತನ್ನನ್ನು ತಾನೇ ತೆಗೆದುಹಾಕಿಕೊಳ್ಳಲಂತೂ ಬರುವುದೇ ಇಲ್ಲ. ಹೀಗಾಗಿ ಸದರಿ ಆದೇಶವು ಹುಟ್ಟಿದಾಗಿನಿಂದಲೇ ಅಸಿಂಧು ಎಂದೂ, ಶ್ರೀ ಮಾಳಪ್ಪ ಅವರು ಒಂದು ದಿನವೂ ಕೆಲಸ ಬಿಟ್ಟಿಲ್ಲವೆಂದೂ, ೩೦ನೇ ತಾರೀಖಿನ ಪಟ್ಟಿಯಲ್ಲಿ ಅವರ ಹೆಸರು ಮೊದಲಿಗೆ ಬರತಕ್ಕದ್ದೆಂದೂ ಆದೇಶಿಸಲಾಗಿದೆ. ಕಟ್ಟೆಯ ಮೇಲೆ ಖಾಕಿ ಅಂಗಿ ಹಾಕಿಕೊಂಡು ಕುಳಿತ ದಿನಗಳನ್ನು ಕರ್ತವ್ಯವೆಂದೇ ಪರಿಗಣಿಸತಕ್ಕದ್ದು.

೧೪. ಈ ವಿಷಯದಲ್ಲಿ ಕೆಳಸಹಿದಾರರಿಗೆ ನಾಚಿಕೆಯಾಗಿದೆ. ನಾಚಿಕೆಗೆ ಪ್ರತ್ಯೇಕ ಕಡತ ಇಲ್ಲದ ಕಾರಣ ಇಲ್ಲಿಯೇ ನಮೂದಿಸಲಾಗಿದೆ.

ಸಹಿ/-
ಸಹಾಯಕ ಇಂಜಿನಿಯರ್ (ಪ್ರಭಾರ)
ನೀರು ಬಿಡುವ ಹಾಗೂ ನಿಲ್ಲಿಸುವ ಇಲಾಖೆ, ಹುನಗುಂದ
(ಕೈಬರಹದ ಸಹಿ, ವಾಕಿಟಾಕಿಯಲ್ಲಿ ನೀಡಿದ್ದಲ್ಲ)

ಪ್ರತಿಗಳು:
೧. ಮೇಲಧಿಕಾರಿಗಳು, ಬಾಗಲಕೋಟೆ: ದಯವಿಟ್ಟು ಪೂರ್ತಿ ಓದದೆ ಅನುಮೋದಿಸಲು ಕೋರಿ.
೨. ಶ್ರೀಮತಿ ಮೆಹರುನ್ನಿಸಾ, ಸೀರೆ ಡಿಸೈನ್ ಅಂಗಡಿ, ಇಳಕಲ್: ಅವರ ಮಾತು ಕೇಳದ ತಪ್ಪಿಗೆ.
೩. ಶ್ರೀ ದೀಪಕ, ಕಂಪ್ಯೂಟರ್ ಆಪರೇಟರ್: ನಾಲ್ಕನೇ ಅಂಶವನ್ನು ಹದಿನೆಂಟು ಸಲ ಕೈಯಿಂದ ಬರೆದು ಸಲ್ಲಿಸಲು. ಜೆರಾಕ್ಸ್ ಸ್ವೀಕರಿಸಲಾಗುವುದಿಲ್ಲ.
೪. ಬಾದಾಮಿ ಶಾಖೆ: ಕಿಟಕಿ ಮುಚ್ಚಿಕೊಂಡು ಓದಲು.
೫. ಶ್ರೀಮತಿ ಸಾವಂತ್ರವ್ವ: ಮಾಹಿತಿಗಾಗಿ. ಮಾತಾಡುವ ಮಾಳಪ್ಪನನ್ನು ಮನೆಗೆ ಕಳುಹಿಸುವ ಕೋರಿಕೆಯನ್ನು ಪರಿಶೀಲಿಸಲಾಗಿ, ಅಂಥವರು ಇಲಾಖೆಯಲ್ಲಿ ಹದಿನೇಳು ಜನರಿದ್ದರೂ ಯಾರನ್ನೂ ಬಿಟ್ಟುಕೊಡಲು ಬರುವುದಿಲ್ಲ.
೬. ಶ್ರೀ ಮಾಳಪ್ಪ, ವಾಲ್ವ್ ನಂಬರ್ ಏಳು: ಈ ಪ್ರತಿಯನ್ನು ಕೆಳಸಹಿದಾರರೇ ಇವತ್ತಿನ ಬಸ್ಸಿಗೆ ಅವರ ಮನೆಗೆ ಹೋಗಿ ಖುದ್ದಾಗಿ ಕೈಗೆ ಕೊಡತಕ್ಕದ್ದು. ಯಾವ ಕಾರಣಕ್ಕೂ ವಾಕಿಟಾಕಿಯಲ್ಲಿ ತಿಳಿಸಬಾರದು. ತಿಳಿಸಿದಲ್ಲಿ, ಮಾಳಪ್ಪ ತನ್ನನ್ನು ತಾನೇ ಕೆಲಸಕ್ಕೆ ತೆಗೆದುಕೊಂಡನೆಂದು ದಾಖಲಾಗುತ್ತದೆ.