ಟಿವಿಯೊಳಗಿನ ಮಾಸ್ತರಿಗೆ ಉತ್ತರ

ದುಃಖದಲ್ಲಿರುವವನಿಗೆ ಒಂದು ಅನುಕೂಲವಿದೆ. ಅವನು ಎಲ್ಲಿಗೆ ಬರುವುದಿಲ್ಲವೆಂದರೂ ಯಾರೂ ಕಾರಣ ಕೇಳುವುದಿಲ್ಲ. ನನ್ನ ಹೆಂಡತಿ ಸಾವಿತ್ರಿ ತೀರಿಕೊಂಡ ವರ್ಷ ಈ ಅನುಕೂಲವನ್ನು ನಾನು ಧಾರಾಳವಾಗಿ ಬಳಸಿಕೊಂಡೆ. ಮನೆಯಲ್ಲಿ ಸಾವಾದರೆ ವರ್ಷ ತುಂಬುವವರೆಗೆ ನಮ್ಮಲ್ಲಿ ಶುಭಕಾರ್ಯಗಳಿಗೆ ಹೋಗುವ ಪದ್ಧತಿಯಿಲ್ಲ. ಮದುವೆ, ಉಪನಯನ ಎಲ್ಲಕ್ಕೂ "ವರ್ಷಾಂತ ಆಗಲಿ" ಎಂದುಬಿಟ್ಟರಾಯಿತು. ಆದರೆ ಬಿ.ಎ. ತರಗತಿಯನ್ನೂ ಶುಭಕಾರ್ಯಕ್ಕೆ ಸೇರಿಸಿದವನು ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕು ಹುಡುಕಿದರೂ ನಾನೊಬ್ಬನೇ ಇರಬೇಕು.

ಬಿ.ಎ. ಎಂದರೆ ದೂರಶಿಕ್ಷಣದ ಬಿ.ಎ. ಶಿರಸಿಯ ಅಡಿಕೆ ಮಂಡಿಯಲ್ಲಿ ಗುಮಾಸ್ತನಾಗಿದ್ದ ನನ್ನನ್ನು ನಲವತ್ತು ದಾಟಿದ ಮೇಲೆ ಅದಕ್ಕೆ ಸೇರಿಸಿದವಳು ಸಾವಿತ್ರಿಯೇ. ಪುಸ್ತಕದ ಜೊತೆ ಪಾಠದ ಸಿ.ಡಿ.ಗಳೂ ಅಂಚೆಯಲ್ಲಿ ಬರುತ್ತಿದ್ದವು. ಟಿವಿಯ ಕೆಳಗೆ ಸಿ.ಡಿ. ಪ್ಲೇಯರ್ ಇಟ್ಟುಕೊಳ್ಳುವುದೇ ಒಂದು ಗತ್ತಾಗಿದ್ದ ಕಾಲ ಅದು. ಹಾಕಿದರೆ ಕೋಟು ತೊಟ್ಟ ಮಾಸ್ತರೊಬ್ಬರು ಬಂದು ರಾಜ್ಯಶಾಸ್ತ್ರ ಹೇಳುತ್ತಿದ್ದರು. ನಡುನಡುವೆ "ಅರ್ಥವಾಯಿತಲ್ಲವೇ?" ಎಂದು ಕೇಳಿ, ತುಸು ತಡೆದು, "ಬಹಳ ಸಂತೋಷ" ಎಂದು ತಾವೇ ಮುಂದೆ ಹೋಗುತ್ತಿದ್ದರು. ಅವರು ತಡೆಯುವಷ್ಟರಲ್ಲಿ ಅಡುಗೆಮನೆಯಿಂದ ಸಾವಿತ್ರಿಯ ಕೂಗು: "ಇಲ್ಲೆ ಮಾಸ್ತರೇ, ನಮ್ಮನೆಯವಕ್ಕೆ ಇನ್ನೊಂದ್ಸಲ ಹೇಳಿ!" ದೇಶದ ಪರಮಾಧಿಕಾರ ಎಲ್ಲಿ ನೆಲೆಸಿದೆ ಎಂಬ ಪಾಠ ನನ್ನ ತಲೆಗೆ ಹೋಗಲೇ ಇಲ್ಲ. ನಮ್ಮ ಮನೆಯಲ್ಲಿ ಅದು ಎಲ್ಲಿತ್ತೆಂಬುದರಲ್ಲಿ ಮಾತ್ರ ಸಂಶಯವಿರಲಿಲ್ಲ.

ಅವಳು ಹೋದ ಮೇಲೂ ಮಾಸ್ತರು ಅಷ್ಟೇ ಹೊತ್ತು ತಡೆಯುತ್ತಿದ್ದರು. ಅವರಿಗೆ ಯಾರೂ ಸುದ್ದಿ ತಿಳಿಸಿರಲಿಲ್ಲ. ಆ ಮೌನ ಸಹಿಸಲಾಗದೆ ಅವಳ ಮಾತನ್ನು ನಾನೇ ಹೇಳತೊಡಗಿದೆ. ಮಂಡಿಯಲ್ಲಿ ತಲೆಯಾಡಿಸಿದರೆ ಕೆಲಸ ನಡೆಯುತ್ತಿತ್ತು; ಬರಬರುತ್ತ ದಿನಕ್ಕೆ ನಾನು ಗಟ್ಟಿಯಾಗಿ ಆಡುವ ಮಾತು ಅದೊಂದೇ ಆಯಿತು. ಊಟ ಸೇರದು. ಪುಸ್ತಕ ತೆರೆದರೆ ಒಂದಕ್ಷರವೂ ಒಳಗಿಳಿಯದು. ಉಳಿದ ವಿದ್ಯಾರ್ಥಿಗಳೆಲ್ಲ ತಮ್ಮ ತಮ್ಮ ಮನೆಯಲ್ಲಿ ಕುಳಿತು ಅರ್ಥ ಮಾಡಿಕೊಳ್ಳುತ್ತಿದ್ದಾರೆ, ಕೆಟ್ಟದ್ದು ನನ್ನ ತಲೆ ಮಾತ್ರ ಎನಿಸಿ ಹೆದರಿಕೆಯಾಗತೊಡಗಿತು. ಸಾವಿತ್ರಿ ಹಚ್ಚಿಕೊಟ್ಟ ಓದನ್ನು ಬಿಟ್ಟುಬಿಡುವುದೆಂದು ನಿಶ್ಚಯಿಸಿದೆ. ಸಿ.ಡಿ. ಹಾಕುವುದನ್ನು ಮಾತ್ರ ಬಿಡಲಾಗಲಿಲ್ಲ.

ಆಗ ಮತ್ತಿಘಟ್ಟದಿಂದ ಅಕ್ಕ ಬಂದಳು. ನಾನು ಟಿವಿಗೆ ಉತ್ತರ ಕೊಡುವುದನ್ನು ಬಾಗಿಲಲ್ಲೇ ನಿಂತು ಕೇಳಿದಳು.

"ಭಾನುವಾರ ಕಾಲೇಜಲ್ಲಿ ಕ್ಲಾಸು ಇರ್ತಡ ಅಲ್ದಾ? ಎಂತಕ್ಕೆ ಹೋಗ್ತಿಲ್ಲೆ?"

"ವರ್ಷಾಂತ ಆಗ್ಲಿ ಅಕ್ಕಾ."

"ಕ್ಲಾಸು ಎಂತ ಮದ್ವೆ ಮನೆಯನಾ ತಮಾ? ಅಲ್ಲಿ ಹೋಳಿಗೆ ಬಡಸ್ತ್ವನಾ? ಯಾವ ಶಾಸ್ತ್ರದಲ್ಲಿದ್ದು ಇದು?"

"ರಾಜ್ಯಶಾಸ್ತ್ರದಲ್ಲಿ" ಎಂದೆ. ಅವಳು ನಗಲಿಲ್ಲ. ಭಾನುವಾರ ಅಂಗಿ ಹಾಕಿಸಿ, ಕಾಲೇಜಿನ ಗೇಟಿನವರೆಗೂ ಬಂದು ಬಿಟ್ಟುಹೋದಳು.

ಕೊನೆಯ ಬೆಂಚಿನಲ್ಲಿ ಗೋಡೆಗೆ ಒರಗಿ ಕುಳಿತೆ. ಕೋಟಿಲ್ಲದ ಉಪನ್ಯಾಸಕರು ಅದೇ ಪರಮಾಧಿಕಾರದ ಪಾಠ ಮುಗಿಸಿ, "ಅರ್ಥ ಆಯ್ತಲ್ಲ?" ಎಂದು ತುಸು ತಡೆದರು. ನನ್ನ ಬಾಯಿ ರೂಢಿಯಂತೆ ತಾನೇ ತೆರೆದುಕೊಂಡಿತು: "ಇಲ್ಲೆ ಮಾಸ್ತರೇ, ನಮ್ಮನೆಯವಕ್ಕೆ ಇನ್ನೊಂದ್ಸಲ ಹೇಳಿ!"

ಇಡೀ ತರಗತಿ ತಿರುಗಿತು. ಉಪನ್ಯಾಸಕರು ನನ್ನ ಆಚೀಚೆ ನೋಡಿ, "ಎಲ್ಲಿದ್ದಾರೆ ನಿಮ್ಮನೆಯವರು?" ಎಂದರು.

"ನಾನೇ ಸಾರ್" ಎಂದೆ. ನಗು ಎದ್ದಿತು. ಆದರೆ ಅವರು "ಬಹಳ ಸಂತೋಷ" ಎನ್ನಲಿಲ್ಲ. ಬೋರ್ಡು ಒರೆಸಿ, ಮೊದಲಿನಿಂದ ಶುರುಮಾಡಿದರು.

ಚಹಾದ ಬಿಡುವಿನಲ್ಲಿ ಯಲ್ಲಾಪುರದ ಶಬಾನಾ ಎಂಬ ಹುಡುಗಿ ಹತ್ತಿರ ಬಂದಳು. "ಥ್ಯಾಂಕ್ಸ್ ಅಂಕಲ್. ಮನೇಲಿ ಆ ಸಿ.ಡಿ. ನೋಡಿ, ನಂಗೊಬ್ಬಳಿಗೇ ತಲೆ ಇಲ್ಲ ಅಂತ ಎಷ್ಟು ಅತ್ತಿದ್ದೀನಿ ಗೊತ್ತಾ?" ದಾಸನಕೊಪ್ಪದ ರೈತರೊಬ್ಬರು, "ನಮಗೂ ಏನೂ ತಿಳಿವಲ್ದು ಬಿಡ್ರಿ. ನೀವು ಕೇಳಿದ್ದು ಚಲೋ ಆತು" ಎಂದರು. ದಡ್ಡತನವನ್ನು ಹಂಚಿಕೊಂಡರೆ ಇಷ್ಟು ಹಗುರವಾಗುತ್ತದೆಂದು ಯಾವ ಸಿ.ಡಿ.ಯಲ್ಲೂ ಹೇಳಿರಲಿಲ್ಲ. "ನಮ್ಮನೆಯವಕ್ಕೆ ಅಂದ್ರಲ್ಲ, ಅದೆಂಥದು ಅಂಕಲ್?" ಎಂದು ಶಬಾನಾ ಕೇಳಿದಳು. ಹೇಳಿದೆ. ಸಾವಿತ್ರಿಯ ಹೆಸರನ್ನು ಗಟ್ಟಿಯಾಗಿ ಹೇಳಿ, ಬಹಳ ದಿನಗಳ ಮೇಲೆ ಲೋಟ ತುಂಬ ಚಹಾ ಕುಡಿದೆ.

ಶಬಾನಾ ಪಾಸಾದಳು. ನಾನು ರಾಜ್ಯಶಾಸ್ತ್ರದಲ್ಲಿ ನಪಾಸಾದೆ. ಸಮಾಧಾನ ಹೇಳಲೆಂದೇ ಬಂದ ಅಕ್ಕ, "ಹೋಗ್ಲಿ ಬಿಡು ತಮಾ, ಇನ್ನೊಂದ್ಸಲ ಬರೆ" ಎಂದು ಬೆನ್ನು ಸವರಿದಳು. ನಾನೂ ಮುಖ ಸಪ್ಪೆ ಮಾಡಿಕೊಂಡು ಕುಳಿತಿದ್ದೆ. ಬರುವ ವರ್ಷವೂ ಭಾನುವಾರ ಅಂಗಿ ಹಾಕಿಕೊಂಡು ಹೊರಡಬಹುದಲ್ಲ ಎಂಬ ಸಂತೋಷವನ್ನು ಅವಳಿಂದ ಮುಚ್ಚಿಡುವುದೇ ಕಷ್ಟವಾಯಿತು.